ಅರ್ಧ ಗಂಟೆ ನಂದು, ಅರ್ಧ ಗಂಟೆ ಅವಳದು

ಜೂನ್ 16, 2003, ಸೋಮವಾರ

ಇವತ್ತು ಫೋಟೋ ಎಡಿಟಿಂಗ್ ಕ್ಲಾಸಿನಲ್ಲಿ ಸಿಸ್ಟಮ್ ಹಂಚಿದರು. ಎಂಟು ಕಂಪ್ಯೂಟರು, ಹದಿನಾರು ಜನ. ಒಂದಕ್ಕೆ ಇಬ್ಬರು, ಮೌಸ್ ಒಂದೇ. ಅರ್ಧ ಗಂಟೆ ಒಬ್ಬರು, ಅರ್ಧ ಗಂಟೆ ಇನ್ನೊಬ್ಬರು. ಮೌಸ್ ಇಲ್ಲದವರು ಪಕ್ಕದ ಸ್ಟೂಲಿನಲ್ಲಿ ಕೂತು ನೋಡಬೇಕು, ಬಾಯಿ ಹಾಕಬಾರದು. ಇದು ತಿಮ್ಮಪ್ಪ ಸರ್ ಕಾನೂನು. ಬಾಯಿ ಹಾಕದೆ ಕೂರುವುದು ನನ್ನಿಂದ ಆಗುತ್ತದೆಯೇ? ಹೆಸರಿಗೆ ಮಾತ್ರ ಶಾಂತಕುಮಾರಿ ಅಂತ ಗೋದಮ್ಮಜ್ಜಿ ದಿನಾ ಆಡಿಕೊಳ್ಳುತ್ತಾಳೆ.

ನನ್ನ ಪಾಲಿಗೆ ಬಂದವಳು ದುದ್ದದ ರೂಪಶ್ರೀ. ಅವಳಪ್ಪ ಕೆಂಪಣ್ಣ ಅಂತ, ಹಾಲಿನ ಡೈರಿಯ ಸೆಕ್ರೆಟರಿಯಂತೆ. ಮೌಸನ್ನು ಬೆಂಕಿಪೊಟ್ಟಣದ ಹಾಗೆ ಎರಡು ಬೆರಳಲ್ಲಿ ಹಿಡಿಯುತ್ತಾಳೆ. ಪಾಪ ಅನ್ನಿಸಿತು. ಸ್ವಲ್ಪ ಹೇಳಿಕೊಡೋಣ ಅಂದುಕೊಂಡೆ.

ಕ್ಲಾಸಿನ ಕೆಳಗಡೆ ಸರ್ ಅವರದೇ ಫೋಟೋ ಸ್ಟುಡಿಯೋ. ಸೆಪ್ಟೆಂಬರ್ ಕೊನೆಗೆ ಕೋರ್ಸ್ ಮುಗಿದಾಗ ನಮ್ಮಲ್ಲಿ ಒಬ್ಬರನ್ನು ಅಲ್ಲಿಗೆ ಆಪರೇಟರ್ ಅಂತ ತೆಗೆದುಕೊಳ್ಳುತ್ತಾರೆ. ಒಬ್ಬರನ್ನೇ. ಆ ಕುರ್ಚಿ ನನ್ನದು, ಇದನ್ನು ಇಲ್ಲಿ ಬರೆದಿಟ್ಟಿರುತ್ತೇನೆ. ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಬಿ.ಎಡ್. ಅರ್ಜಿ ತುಂಬಬೇಕು ಅಂತ ಅಪ್ಪ ಹೇಳಿಯಾಗಿದೆ. ನಮ್ಮ ಮನೆಯಲ್ಲಿ ಅಪ್ಪ ಮೇಷ್ಟ್ರು, ಅಮ್ಮ ಮೇಡಮ್ಮು, ಚಿಕ್ಕಪ್ಪ ಮೇಷ್ಟ್ರು. ಊಟಕ್ಕೆ ಕರೆದರೂ ಹಾಜರಿ ಕೂಗಿದ ಹಾಗೆ ಕೇಳಿಸುತ್ತದೆ. ನಾನು ಸೀಮೆಸುಣ್ಣ ಹಿಡಿಯುವವಳಲ್ಲ.

ಜೂನ್ 27, ಶುಕ್ರವಾರ

ಮೊದಲನೇ ಪ್ರಾಜೆಕ್ಟ್: ಒಂದು ಫೋಟೋದ ಹಿನ್ನೆಲೆ ಬದಲಾಯಿಸಬೇಕು. ನಾನು ನನ್ನನ್ನೇ ತೆಗೆದುಕೊಂಡು ಹಿಮದ ಬೆಟ್ಟದ ಮುಂದೆ ನಿಲ್ಲಿಸಿದೆ. ಮೇಲೆ ಕಾಮನಬಿಲ್ಲು, ಪಕ್ಕದಲ್ಲಿ ಸೂರ್ಯ, ಸೂರ್ಯನಿಂದ ಹೊಳಪಿನ ಉಂಗುರಗಳು. ಏಳು ಫಿಲ್ಟರ್ ಹಾಕಿದ್ದೇನೆ. ಹುಡುಗರೆಲ್ಲ ಎದ್ದು ಬಂದು ನೋಡಿದರು.

ರೂಪಶ್ರೀ ಮಾಡಿದ್ದು ಅವಳಪ್ಪನ ಫೋಟೋ. ಗೋಡೆ ಮುಂದೆ ನಿಂತಿದ್ದ ಮನುಷ್ಯನನ್ನು ತಂದು ಅವರ ತೆಂಗಿನ ತೋಟದಲ್ಲಿ ನಿಲ್ಲಿಸಿದ್ದಾಳೆ, ಅಷ್ಟೇ. ತೋಟ ಇರುವವರು ತೋಟಕ್ಕೇ ಹೋಗಿ ಫೋಟೋ ತೆಗೆಸಬಹುದಿತ್ತು, ಅದಕ್ಕೆ ಕಂಪ್ಯೂಟರ್ ಯಾಕೆ?

ಸರ್ ನನ್ನದನ್ನು ನೋಡಿ, "ಚೆನ್ನಾಗದೆ ಕಣಮ್ಮ. ಸೂರ್ಯ ಎಡಕ್ಕವ್ನೆ, ನಿನ್ನ ನೆಳ್ಳೂ ಎಡಕ್ಕೇ ಬಿದ್ದದಲ್ಲ, ಅದೆಂಗೆ?" ಅಂದರು. ಎಲ್ಲರೂ ನಕ್ಕರು. ಆಮೇಲೆ ರೂಪಶ್ರೀದನ್ನು ನೋಡಿ ಏನೂ ಹೇಳಲಿಲ್ಲ. ಸುಮ್ಮನೆ ಹೆಚ್ಚು ಹೊತ್ತು ನೋಡಿದರು. ಹೊಗಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಜುಲೈ 14, ಸೋಮವಾರ

ಎರಡನೇ ಪ್ರಾಜೆಕ್ಟ್ ಕಪ್ಪು ಬಿಳುಪು ಫೋಟೋಗೆ ಬಣ್ಣ ಹಾಕುವುದು. ಗೋದಮ್ಮಜ್ಜಿಯ ಮದುವೆ ಫೋಟೋ ತಗೊಂಡು ಹೋಗಿದ್ದೆ. ಸೀರೆಗೆ ಗುಲಾಬಿ, ಅಂಚಿಗೆ ಚಿನ್ನ, ತಾತನ ಪಂಚೆಗೆ ನಸುಹಳದಿ. ಕಣ್ಣು ಕುಕ್ಕುವ ಹಾಗೆ ಬಂತು. ಮನೆಗೆ ತಂದು ತೋರಿಸಿದರೆ ಅಜ್ಜಿ ಕನ್ನಡಕ ಏರಿಸಿ, "ಇದ್ಯಾರೇ ಇವಳು? ನನ್ನ ಸೀರೆ ಅರಿಸಿನ ಬಣ್ಣದ್ದು" ಅಂದಳು. ಇರಲಿ, ಇದು ಅದಕ್ಕಿಂತ ಚೆನ್ನಾಗಿದೆಯಲ್ಲ.

ಕ್ಲಾಸಿನಲ್ಲಿ ಪೂರ್ತಿ ಅಂಕ ಬಂದಿದ್ದು ರೂಪಶ್ರೀಗೆ. ಅವಳು ಹಾಕಿದ್ದು ಒಂದು ಮಾಸಲು ಹಸಿರು ಸೀರೆ, ಕಂದು ಅಂಚು. ಇದೇನೇ ಹೀಗೆ ಅಂತ ಕೇಳಿದೆ.

"ನಮ್ಮ ದೊಡ್ಡತ್ತೆ ಅದು. ಓಗಿ ಕೇಳ್ಕಂಡ್ ಬಂದೆ. ಸೀರೆ ಇನ್ನೂ ಪೆಟ್ಟಿಗೇಲಿ ಇತ್ತು, ತೋರ್ಸುದ್ರು" ಅಂದಳು.

ಕೇಳಿಕೊಂಡು ಬಂದು ಮಾಡುವುದು ಕಾಪಿ ಹೊಡೆದ ಹಾಗಲ್ಲವೇ? ಕಲೆ ಅಂದರೆ ತಲೆಯಿಂದ ಬರಬೇಕು. ಇದನ್ನು ಸರ್‌ಗೆ ಹೇಳಿದೆ. ಅವರು ನಕ್ಕು ಕೆಳಗೆ ಸ್ಟುಡಿಯೋಗೆ ಹೋದರು.

ಜುಲೈ 15, ಮಂಗಳವಾರ

ಅವಳ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅರ್ಧ ನನಗೆ ಕೊಟ್ಟಳು. ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಒಳ್ಳೆಯದಿತ್ತು.

ಆಗಸ್ಟ್ 6, ಬುಧವಾರ

ಸರ್ ಇವತ್ತು ಎಲ್ಲರ ಮುಂದೆ ಹೇಳಿಬಿಟ್ಟರು. "ನಾಕ್ನೇ ಸಿಸ್ಟಮ್ಮಿನ ಇಬ್ರಲ್ಲಿ ಒಬ್ರುನ್ನ ಕೆಳೀಕ್ ತಗತೀನಿ. ಯಾರು ಅಂತ ಕಡೇಲಿ ಹೇಳ್ತೀನಿ. ಅಲ್ಲೀಗಂಟ ಸ್ಟುಡಿಯೋ ಕೆಲ್ಸಾನೂ ಇಬ್ರಿಗೂ ಕೊಡ್ತೀನಿ." ಅಂದರೆ ಹದಿನಾಲ್ಕು ಜನ ಹೊರಗೆ. ಒಳಗೆ ಉಳಿದಿರುವುದು ನಾನು ಮತ್ತು ಅವಳು.

ಈಗ ಅವಳ ಅರ್ಧ ಗಂಟೆಯನ್ನು ಗಡಿಯಾರ ಹಿಡಿದು ನೋಡುತ್ತೇನೆ. ಇವತ್ತು ಮೂವತ್ತೆರಡು ನಿಮಿಷ ಮಾಡಿದಳು. ನಾನು ಹೇಳಿದ್ದಕ್ಕೆ "ಅಯ್ಯೋ, ನೋಡ್ಕಳ್ನಿಲ್ಲ ಕಣೇ" ಅಂತ ತಕ್ಷಣ ಎದ್ದಳು. ಜಗಳ ಆಡುವುದಕ್ಕೂ ಆಸ್ಪದ ಕೊಡದವಳ ಜೊತೆ ಬಾಳುವುದು ಕಷ್ಟ.

ಅವಳಿಗೆ ಒಂದು ಅಭ್ಯಾಸ ಇದೆ. ಸ್ಕ್ರೀನಿನ ಮೇಲೆ ಮುಖ ಬಂದರೆ ಮೊದಲು ಕೈ ಕಟ್ಟಿಕೊಂಡು ಕೂರುತ್ತಾಳೆ. ನಾನು ಅಷ್ಟೊತ್ತಿಗೆ ನಾಲ್ಕು ಟೂಲ್ ಬಳಸಿ ಮುಗಿಸಿರುತ್ತೇನೆ. ಅವಳು ನೋಡುತ್ತಲೇ ಇರುತ್ತಾಳೆ, ದೇವರ ಮುಂದೆ ಕೂತ ಹಾಗೆ. ನನ್ನ ಸಮಯ ತಿನ್ನುವುದಕ್ಕೆ ಇದೊಂದು ನೆಪ ಇರಬೇಕು.

ಸಂಜೆ ಹೊಳೆನರಸೀಪುರದ ಬಸ್ಸಿನಲ್ಲಿ ಕಂಡಕ್ಟರ್ ಮುಖದ ಮೇಲೆ ಬಲಗಡೆಯಿಂದ ಬಿಸಿಲು ಬಿದ್ದಿತ್ತು. ಮೂಗಿನ ನೆರಳು ಎಡಗೆನ್ನೆಗೆ ಹೋಗಿತ್ತು. ನೋಡುತ್ತಾ ಕೂತವಳು ಚಿಲ್ಲರೆ ಇಸಕೊಳ್ಳುವುದನ್ನೇ ಮರೆತೆ.

ಸೆಪ್ಟೆಂಬರ್ 1, ಸೋಮವಾರ

ಗೌರಿ ಹಬ್ಬಕ್ಕೆ ರೂಪಶ್ರೀ ನನಗೂ ಬಾಗಿನ ತಂದಿದ್ದಳು. ಅಮ್ಮ, "ಎಷ್ಟು ಒಳ್ಳೆ ಹುಡುಗಿಯೇ" ಅಂದರು. ನಮ್ಮಮ್ಮನನ್ನೂ ತನ್ನ ಕಡೆಗೆ ತೆಗೆದುಕೊಂಡುಬಿಟ್ಟಳು.

ಸೆಪ್ಟೆಂಬರ್ 17, ಬುಧವಾರ

ಪಿತೃಪಕ್ಷ ಅಂದರೆ ಸ್ಟುಡಿಯೋಗೆ ಸುಗ್ಗಿ ಅಂತ ಈಗ ಗೊತ್ತಾಯಿತು. ಅಮಾವಾಸ್ಯೆ ದಿನ ಸತ್ತ ಹಿರಿಯರಿಗೆ ಎಡೆ ಇಡುವುದಕ್ಕೆ ಫೋಟೋ ಬೇಕು. ರೇಷನ್ ಕಾರ್ಡಿನಿಂದ, ಗುಂಪು ಫೋಟೋದಿಂದ, ಕೊನೆಗೆ ಸತ್ತ ಮೇಲೆ ತೆಗೆದ ಫೋಟೋದಿಂದಲೂ ಮುಖ ಎತ್ತಿ, ಕಣ್ಣು ತೆರೆಸಿ, ದೊಡ್ಡದು ಮಾಡಿ ಕೊಡಬೇಕು. ಅಮಾವಾಸ್ಯೆ ಇಪ್ಪತ್ತೈದಕ್ಕೆ. ಜನ ಮೆಟ್ಟಿಲ ತನಕ ನಿಂತಿರುತ್ತಾರೆ.

ಅರಕಲಗೂಡಿನ ಕಡೆಯಿಂದ ಬೈರಯ್ಯ ಅನ್ನುವವರು ಬಂದಿದ್ದರು. ಅವರ ತಾಯಿ ಹೋದ ವರ್ಷ ತೀರಿಕೊಂಡರಂತೆ. ಇರುವುದು ಒಂದೇ ಫೋಟೋ, ಯಾರದೋ ಮದುವೆಯ ಗುಂಪಿನದು. ಅದರಲ್ಲಿ ತಾಯಿಯ ಮುಖ ಹುಣಸೆಬೀಜದಷ್ಟಿದೆ. ಹಣೆಯ ಮೇಲೆ ಅಡ್ಡಕ್ಕೆ ಫೋಟೋ ಬಿರುಕು ಬಿಟ್ಟಿದೆ. ಸ್ಕ್ಯಾನ್ ಮಾಡಿ ಫೋಟೋವನ್ನು ಅವರಿಗೇ ವಾಪಸ್ ಕೊಟ್ಟರು. ಸರ್ ಚೀಟಿಯ ಮೇಲೆ ರೂಪಶ್ರೀ ಅಂತ ಬರೆದು, "ನಮ್ಮ ಹಳ್ಳಿ ಕಡೇ ಮೊಕ, ನೀನೇ ನೋಡಮ್ಮ. ಶಾಂತಾ ಹಿಂದ್ಗಡೆ ಪರದೆ ಮಾಡ್ಲಿ" ಅಂದರು.

ಮುಖ ಅವಳಿಗೆ, ಪರದೆ ನನಗೆ. ಇದರ ಅರ್ಥ ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ಸೆಪ್ಟೆಂಬರ್ 18, ಗುರುವಾರ

ಅವಳು ಮಧ್ಯಾಹ್ನವೆಲ್ಲ ಆ ಬಿರುಕನ್ನು ತುಂಬಿಸಿದಳು. ಬೇಕಾದಷ್ಟು ದೊಡ್ಡದು ಮಾಡಿಕೊಂಡು, ಒಂದೊಂದೇ ಚುಕ್ಕಿ. ಬಿರುಕು ಇತ್ತು ಅಂತಲೇ ಗೊತ್ತಾಗುವುದಿಲ್ಲ. ನಾಲ್ಕೂವರೆ ಬಸ್ಸಿಗೆ ಅವಳು ಹೊರಟ ಮೇಲೆ ನನ್ನ ಅರ್ಧ ಗಂಟೆ ಬಂತು.

ಪರದೆ ಮುಗಿಸಿ ಮುಖ ನೋಡಿದರೆ, ಇಷ್ಟೊಂದು ಹೆಸರು ಮಾಡಿದ ರೂಪಶ್ರೀ ಹುಬ್ಬಿನ ನಡುವೆ, ಗಲ್ಲದ ಮೇಲೆ, ಎರಡು ಕಣ್ಣಿನ ಪಕ್ಕ ಧೂಳಿನ ಚುಕ್ಕಿಗಳನ್ನು ಹಾಗೇ ಬಿಟ್ಟಿದ್ದಾಳೆ! ಮಸುಕು ಮಸುಕು ಬೂದು ಚುಕ್ಕಿಗಳು. ಅಷ್ಟೂ ಕಾಣಿಸುವುದಿಲ್ಲವೇ? ಖುಷಿಯಾಯಿತು. ಒಂದೊಂದಾಗಿ ಅಳಿಸಿದೆ. ಐದು ನಿಮಿಷದ ಕೆಲಸ. ಮುಖ ಕನ್ನಡಿಯ ಹಾಗೆ ಆಯಿತು.

ಆಮೇಲೆ ಇನ್ನೊಂದು ಮಾಡಿದೆ. ಅವಳು ಪ್ರತಿ ಕೆಲಸವನ್ನೂ ಬೇರೆ ಬೇರೆ ಪದರದಲ್ಲಿ ಇಡುತ್ತಾಳೆ, ಗಾಜಿನ ಮೇಲೆ ಗಾಜು ಇಟ್ಟ ಹಾಗೆ, ಬೇಕಾದರೆ ತೆಗೆಯಬಹುದು ಅಂತ. ಬಿರುಕಿನದು ಒಂದು, ಸೆರಗಿನದು ಒಂದು. ತೆರೆದರೆ ಯಾವುದು ಅವಳ ಕೈಚಳಕ ಅಂತ ಸರ್‌ಗೆ ಕಂಡುಬಿಡುತ್ತದಲ್ಲ. ನಾನು ಎಲ್ಲ ಪದರ ಒಟ್ಟಿಗೆ ಸೇರಿಸಿ, ಚಪ್ಪಟೆ ಮಾಡಿ, ಸೇವ್ ಮಾಡಿದೆ. ಈಗ ಯಾವುದು ಅವಳದು, ಯಾವುದು ನಂದು, ಆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಪ್ರಿಂಟಿಗೆ ಕಳಿಸಿ ಬಂದೆ.

ತಪ್ಪೇನಿಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಕೊನೆಗೆ ಚಪ್ಪಟೆ ಮಾಡುತ್ತಾರೆ.

ಸೆಪ್ಟೆಂಬರ್ 22, ಸೋಮವಾರ

ಬರೆಯಬಾರದು ಅಂತಿದ್ದೆ.

ಬೈರಯ್ಯ ಬೆಳಿಗ್ಗೆ ಬಂದರು. ಸರ್ ಫ್ರೇಮ್ ಹಾಕಿದ್ದ ಫೋಟೋವನ್ನು ಕೈಗೆ ಕೊಟ್ಟರು. ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದೆವು, ಹೊಗಳಿಕೆ ಬಂದರೆ ಕೇಳಿಸಿಕೊಳ್ಳೋಣ ಅಂತ ನಾನು ಎರಡು ಮೆಟ್ಟಿಲು ಕೆಳಗೇ ಇದ್ದೆ.

ಅವರು ನೋಡಿದರು. ತಿರುಗಿಸಿ ಬೆಳಕಿಗೆ ಹಿಡಿದರು. "ಇದು ನಮ್ಮವ್ವ ಅಲ್ಲ ಸಾ" ಅಂದರು.

"ನೀವ್ ಕೊಟ್ಟಿದ್ದೇ ಅಲ್ವೇನ್ರೀ?" ಅಂದರು ಸರ್.

"ಅಚ್ಚೆ ಎಲ್ಲೋಯ್ತು? ನಮ್ಮವ್ವನ ಹಣೇಲಿ ಅಚ್ಚೆ ಇತ್ತು, ಗಲ್ಲದಲ್ಲಿತ್ತು. ಸತ್ತಾಗ ಮೈಮ್ಯಾಗಳ ಒಡವೇನೆಲ್ಲ ನಾವೇ ಬಿಚ್ಕಂಡ್ವಿ ಸಾ. ಅದೊಂದೇ ಅವಳ್ ಜೊತೆ ಓಗಿದ್ದು. ಅದುನ್ನೂ ಕಿತ್ಕಂಬುಟ್ರಾ?"

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ಹಚ್ಚೆ. ನಮ್ಮ ಬೀದಿಯಲ್ಲಿ ಯಾವ ಅಜ್ಜಿಗೂ ಇಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ನೂರು ಸಲ ನೋಡಿದ್ದೇನೆ. ಆದರೆ ಫೋಟೋದಲ್ಲಿ ಅದು ಧೂಳಿನ ಹಾಗೆ ಕಾಣುತ್ತದೆ ಅಂತ ಯಾರು ಹೇಳಬೇಕಿತ್ತು?

ಸರ್ ಚೀಟಿ ನೋಡಿದರು. ಚೀಟಿಯ ಮೇಲೆ ಅವಳ ಹೆಸರಿತ್ತು. "ಏನಮ್ಮಾ ರೂಪಶ್ರೀ, ನಿಮ್ಮನೇಲಿ ಯಾರ್ ಮೊಕದಲ್ಲೂ ಅಚ್ಚೆ ಇಲ್ವಾ? ನಿನಗೂ ಕಾಣ್ನಿಲ್ವಾ?" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು, "ನಾನು ಹಿಂದಿನ ಪರದೆ ಮಾತ್ರ ಮಾಡಿದ್ದು ಸರ್" ಅಂದೆ.

ಬಾಯಿಂದ ತಾನಾಗಿ ಬಂತು. ವಾಪಸ್ ತೆಗೆದುಕೊಳ್ಳುವುದಕ್ಕೆ ಅಲ್ಲಿ ಯಾವ ಪದರವೂ ಇರಲಿಲ್ಲ.

ರೂಪಶ್ರೀ ತಲೆ ತಗ್ಗಿಸಿಕೊಂಡು ನಿಂತಳು. ಮುಖವೆಲ್ಲ ಬಿಳಿಚಿಕೊಂಡಿತ್ತು. ಅವಳಿಗೆ ಗೊತ್ತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಅಷ್ಟು ದೊಡ್ಡವಳೇ?

ಸೆಪ್ಟೆಂಬರ್ 23, ಮಂಗಳವಾರ

ಗುಂಪು ಫೋಟೋವನ್ನು ತರಿಸಿಕೊಂಡು ಹೊಸದಾಗಿ ಸ್ಕ್ಯಾನ್ ಮಾಡಿದರೂ ಹಚ್ಚೆಯ ಆಕಾರ ಸ್ಪಷ್ಟ ಇಲ್ಲ. ಜಾಗ ಗೊತ್ತಾಗುತ್ತದೆ, ಎಷ್ಟು ಚುಕ್ಕಿ, ಹೇಗೆ ಅಂತ ಗೊತ್ತಾಗುವುದಿಲ್ಲ. ಬೈರಯ್ಯ ಇವತ್ತು ತಮ್ಮ ಚಿಕ್ಕವ್ವನನ್ನು ಕರೆತಂದರು. ಚಿಕ್ಕಲಕ್ಷ್ಮಮ್ಮ ಅಂತ, ಸತ್ತವರ ತಂಗಿ. ಅಕ್ಕ ತಂಗಿ ಇಬ್ಬರಿಗೂ ಒಂದೇ ದಿನ, ಒಬ್ಬಳೇ ಕೊರವಂಜಿ ಹಚ್ಚೆ ಹಾಕಿದ್ದಂತೆ, ಅವರ ಮನೆ ಜಗುಲಿಯ ಮೇಲೆ.

ಆಕೆಯನ್ನು ನಮ್ಮ ಸಿಸ್ಟಮ್ ಮುಂದೆ ಕೂರಿಸಿದರು. ರೂಪಶ್ರೀ ಮೌಸ್ ಹಿಡಿದಳು. ಕೈ ನಡುಗುತ್ತಿತ್ತು. ಎರಡು ಸಲ ಪ್ರಯತ್ನಪಟ್ಟು, "ನನ್ ಕೈಲಿ ಆಗದಿಲ್ಲ ಕಣೇ, ನೀನೇ ಬರಿ. ನಿನ್ ಗೆರೆ ಚೆನ್ನಾಗದೆ" ಅಂತ ಸ್ಟೂಲಿಗೆ ಬಂದಳು. ನಾನು ಕುರ್ಚಿಗೆ ಹೋದೆ. ಅರ್ಧ ಗಂಟೆಯ ಲೆಕ್ಕ ಇಬ್ಬರೂ ಹಿಡಿಯಲಿಲ್ಲ.

ಮೌಸ್ ಮುಟ್ಟುವುದಕ್ಕೆ ಮೊದಲು ಆಕೆಯ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ ಅಂತ ಕಾಣುತ್ತದೆ, ಆಕೆಗೇ ನಾಚಿಕೆಯಾಗಿ, "ಏನವ್ವಾ ಇಂಗ್ ನೋಡೀಯೆ, ಎಣ್ಣು ನೋಡಾಕ್ ಬಂದೋಳಂಗೆ?" ಅಂದರು. ಹುಬ್ಬಿನ ನಡುವೆ ಒಂದು ಉದ್ದ ಗೆರೆ, ಕೆಳಗೆ ಒಂದು ಚುಕ್ಕಿ. ಗಲ್ಲದಲ್ಲಿ ಮೂರು, ಒಲೆಗುಂಡಿನ ಹಾಗೆ. ಕಣ್ಣಿನ ಪಕ್ಕ ಒಂದೊಂದು. ಕಪ್ಪಲ್ಲ, ನೀಲಿಯೂ ಅಲ್ಲ, ಪೂರ್ತಿ ಹಸಿರೂ ಅಲ್ಲ.

"ನಿಮ್ಮಕ್ಕಂದೂ ಹೀಗೇ ಇತ್ತಾ?" ಅಂತ ಕೇಳಿದೆ.

"ಅವಳ್ದು ಬಲಗಣ್ ತಾವ ಒಸಿ ಓರೆ ಆಗಿತ್ತು. ಸೂಜಿ ಚುಚ್ವಾಗ ಕಿತ್ಕಂಡ್ ಓಡೋದ್ಲು ಕಣವ್ವ" ಅಂತ ನಗುವುದಕ್ಕೆ ಹೋಗಿ ಅತ್ತುಬಿಟ್ಟರು. ರೂಪಶ್ರೀ ಆಕೆಯ ಕೈ ಹಿಡಿದುಕೊಂಡಳು.

ಬಲಗಣ್ಣಿನದನ್ನು ಸ್ವಲ್ಪ ಓರೆ ಮಾಡಿದೆ. ಬೈರಯ್ಯ ಹಿಂದಿನಿಂದ, "ಆಂ, ಅಂಗೇ" ಅಂದರು.

ಇಡೀ ದಿನ ನನ್ನ ಮೇಲೆ ಅವಳು ಒಂದು ಕೆಟ್ಟ ನೋಟವನ್ನೂ ಹಾಕಲಿಲ್ಲ. ಹೀಗೆ ಕ್ಷಮಿಸುವವರನ್ನು ನಾನು ಪುರಾಣದಲ್ಲಿ ಮಾತ್ರ ಕೇಳಿದ್ದೆ. ಪುರಾಣದಲ್ಲೂ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಅಮಾವಾಸ್ಯೆ ನಿನ್ನೆ ಮುಗಿಯಿತು. ಇವತ್ತು ಹನ್ನೊಂದು ಗಂಟೆಗೆ ಬೈರಯ್ಯ ಬಂದರು, ಕೈಯಲ್ಲಿ ಬಟ್ಟೆ ಗಂಟು. ಎಡೆಗೆ ಇಟ್ಟಿದ್ದ ಕಜ್ಜಾಯ, ವಡೆ. "ಎಡೆ ಮುಂದೆ ನಮ್ಮವ್ವ ಕುಂತಂಗೇ ಇತ್ತು ಸಾ. ಯಾರವ್ವಾ ಬರ್ದೋರು? ಅವ್ರ ಕೈಗೇ ಕೊಡ್ಬೇಕು" ಅಂದರು.

ರೂಪಶ್ರೀ ನನ್ನನ್ನು ಮುಂದೆ ತಳ್ಳಿದಳು. "ಇವಳೇ ಕಣಣ್ಣ. ಬರ್ದಿದ್ದೆಲ್ಲ ಶಾಂತಾನೇ. ನಾನು ಕೆಡಿಸ್ದೋಳು."

ಸರ್ ಅಲ್ಲೇ ನಿಂತಿದ್ದರು. "ಸರಿ ಬುಡು, ನಾಕ್ ದಿನ ಮುಂಚೇನೇ ಹೇಳ್ಬುಡ್ತೀನಿ. ಶಾಂತಾ, ಒಂದ್ನೇ ತಾರೀಕಿಂದ ನೀನ್ ಕೆಳೀಕ್ ಬಾರಮ್ಮ" ಅಂದರು.

ಅಷ್ಟೇ. ಇದಕ್ಕೇ ನಾನು ಜೂನಿನಿಂದ ಕಾದಿದ್ದು. ಕುರ್ಚಿ ನನ್ನದಾಯಿತು. ಬಿ.ಎಡ್. ಇಲ್ಲ, ಸೀಮೆಸುಣ್ಣ ಇಲ್ಲ. ನಾನು ರೂಪಶ್ರೀ ಮುಖ ನೋಡಿದೆ. ಅವಳು ನಗುತ್ತಿದ್ದಳು. ನಿಜವಾಗಿ ನಗುತ್ತಿದ್ದಳು, ಕಣ್ಣಲ್ಲಿ ನೀರಿದ್ದರೂ.

ಆಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದು ಮುಗಿಸಲಾರೆ. ನೆರಳಿನಲ್ಲಿ ಅವಳೇ ಮುಂದೆ, ಬಣ್ಣದಲ್ಲಿ ಅವಳೇ ಮುಂದೆ. ಈಗ ಬಿಟ್ಟುಕೊಡುವುದರಲ್ಲೂ ಅವಳೇ ಮುಂದೆಯೇ? ಅವಳು ಬಿಟ್ಟ ಕುರ್ಚಿಯಲ್ಲಿ ಕೂತು, ದಿನಾ ಬೆಳಿಗ್ಗೆ ಅವಳ ದೊಡ್ಡತನದ ಮೇಲೆ ಕೂತ ಹಾಗೆ ಕೂತು ನಾನು ಬದುಕಬೇಕೇ? ನನ್ನಿಂದ ಆಗಲಿಲ್ಲ. ಪುಣ್ಯ ಬರಲಿ ಅಂತ ಹೇಳಿದ್ದಲ್ಲ. ಸೋಲಬಾರದು ಅಂತ ಹೇಳಿದ್ದು.

"ಅಳಿಸಿದ್ದು ನಾನು ಸರ್" ಅಂದೆ. "ಅವಳು ಹಚ್ಚೆ ಬಿಟ್ಟಿದ್ದಳು. ಧೂಳು ಅಂತ ನಾನು ತೆಗೆದೆ. ಅವಳ ಕೆಲಸ ಕಾಣಿಸಬಾರದು ಅಂತ ಪದರಗಳನ್ನೂ ಸೇರಿಸಿಬಿಟ್ಟೆ. ಪರದೆ ಮಾತ್ರ ಮುಟ್ಟಿದ್ದು ಅಂದಿದ್ದು ಸುಳ್ಳು."

ಸರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ತಪ್ಪು ಮಾಡೋರುನ್ನ ಇಟ್ಕಬೋದು ಕಣಮ್ಮ. ಇನ್ನೊಬ್ಬರ ಮ್ಯಾಲೆ ಹಾಕೋರುನ್ನ ಎಂಗ್ ಇಟ್ಕಳದು?" ಅಂದರು. ಕನ್ನಡಕ ಹಾಕಿಕೊಂಡು, "ರೂಪಶ್ರೀ, ನೀನೇ ಬಾ" ಅಂದರು.

ನನ್ನ ಕೈಯಲ್ಲಿ ಆ ಗಂಟು ಇನ್ನೂ ಇತ್ತು. ಬೈರಯ್ಯನವರಿಗೆ ವಾಪಸ್ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಬರ್ದೋಳೂ ನೀನೇ ತಾನೆ? ತಿನ್ನವ್ವ, ಅವಳ ಎಡೇದು" ಅಂದು ಹೋದರು.

ರೂಪಶ್ರೀ ನನ್ನ ಕಡೆ ತಿರುಗದೆ ಮೆಟ್ಟಿಲು ಹತ್ತಿದಳು. ಚೀಲ ತಗೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದಳು.

ಮನೆಯಲ್ಲಿ ಅಪ್ಪನಿಗೆ ಕುರ್ಚಿ ಸಿಗಲಿಲ್ಲ ಅಂದೆ. ಯಾಕೆ ಅಂತ ಕೇಳಿದರು. ಹೇಳಿದೆ, ಎಲ್ಲಾನೂ. ಅವರು ಬಿ.ಎಡ್. ಅರ್ಜಿಯನ್ನು ಮೇಜಿನ ಮೇಲಿಟ್ಟು, ಒಂದು ಕಜ್ಜಾಯ ತೆಗೆದುಕೊಂಡು ತಿನ್ನುತ್ತಾ ಹೋದರು. ಪರರ ಮನೆ ಎಡೆಯದನ್ನು ಅಪ್ಪ ತಿಂದದ್ದು ನಾನು ನೋಡಿದ್ದು ಇದೇ ಮೊದಲು.

ಸೆಪ್ಟೆಂಬರ್ 27, ಶನಿವಾರ

ಕೋರ್ಸ್ ಇನ್ನೂ ಎರಡು ದಿನ ಇದೆ. ಹೋಗಲೋ ಬೇಡವೋ ಅಂತ ಅಂದುಕೊಳ್ಳುತ್ತಲೇ ಹೋದೆ. ರೂಪಶ್ರೀ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಕುರ್ಚಿ ಖಾಲಿ ಇತ್ತು. ಈಗ ಹೇಳುತ್ತಾಳೆ ನೋಡು, ಕ್ಷಮಿಸಿದ್ದೀನಿ ಕಣೇ ಅಂತ, ಅಂದುಕೊಂಡೆ. ಅದನ್ನು ಕೇಳಿಸಿಕೊಳ್ಳುವುದಕ್ಕೆ ಹಲ್ಲು ಕಚ್ಚಿ ಸಿದ್ಧವಾದೆ.

"ನಿನಗೆ ಗೊತ್ತಿದ್ದೂ ಸುಮ್ಕಿದ್ಯಲ್ಲೇ!" ಅಂತ ಶುರು ಮಾಡಿದಳು. ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಅವಳ ಗಂಟಲು ಅಷ್ಟು ದೊಡ್ಡದು ಅಂತ ನಾಲ್ಕು ತಿಂಗಳಲ್ಲಿ ನನಗೆ ಗೊತ್ತಿರಲಿಲ್ಲ.

"ನಿನಗೂ ಗೊತ್ತಿತ್ತಲ್ಲ. ನನ್ನನ್ನು ಉಳಿಸೋಕೆ ಅಂತ..."

"ಉಳ್ಸಾಕಾ? ಯಾರುನ್ನ? ನಾನೇ ಅಳ್ಸಿದ್ದು ಅಂದ್ಕಂಡಿದ್ದೆ ಕಣೇ! ಬಿರುಕು ತುಂಬ್ವಾಗ ಅಷ್ಟ್ ದೊಡ್ಡದ್ ಮಾಡ್ಕಂಡಿದ್ನಲ್ಲ, ಮೊಕಾನೇ ಕಾಣ್ದೆ ಅಚ್ಚೇನೂ ಸೇರ್ಸಿ ಅಳಿಸ್ಬುಟ್ಟೆ ಅಂತ. ಅಚ್ಚೆ ಇರೋ ಮೊಕ ನೋಡ್ಕಂಡೇ ಬೆಳ್ದೋಳು, ನನ್ ಕಣ್ಗೂ ಕಾಣ್ದೆ ಓಯ್ತಲ್ಲ ಅಂತ ನಾಕ್ ದಿನ ಮುದ್ದೆ ಇಳೀಲಿಲ್ಲ. ಕೈ ನಡುಗ್ತಿತ್ತು, ನೋಡ್ಲಿಲ್ವಾ ನೀನು? ಈ ಕೆಲ್ಸಾನೇ ಬುಟ್ಬುಡ್ತೀನಿ ಅಂತ ಅಪ್ಪಂಗೂ ಹೇಳ್ಬುಟ್ಟಿದ್ದೆ!"

ನಾನು ಬಾಯಿ ಹಾಕಲಿಲ್ಲ. ಅವಳ ಮುಖ ಕೆಂಪಾಗಿತ್ತು, ಮೂಗು ಸೋರುತ್ತಿತ್ತು, ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಇಷ್ಟು ದಿನ ಒಂದೇ ಸ್ಟೂಲು, ಒಂದೇ ಕುರ್ಚಿಯಲ್ಲಿ ಕೂತರೂ ನಾನು ಆ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ. ನಾನು ಅವಳದನ್ನು ದೊಡ್ಡತನ ಅಂದುಕೊಂಡು ಹೊಟ್ಟೆ ಉರಿದುಕೊಂಡೆ. ಅವಳಿಗೆ ಬರೀ ಭಯವಾಗಿತ್ತು.

ಬೈದು ಬೈದು ಅವಳ ಬಸ್ಸಿನ ಹೊತ್ತಾಯಿತು. ಸೋಮವಾರ ಹತ್ತು ಗಂಟೆಗೆ ಮತ್ತೆ ಹೋಗಬೇಕು. ಅವಳು ಇನ್ನೂ ಮುಗಿಸಿಲ್ಲ.